ಅಜ್ಜಿ ತೊಳೆದಿಟ್ಟ ಇಂಗ್ಲಿಷ್ ಪುಸ್ತಕ

ಹಿತ್ತಲಿಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಪುಸ್ತಕ ತೊಯ್ದು ತೊಪ್ಪೆಯಾಗಿ ಬಿದ್ದಿತ್ತು. ರಟ್ಟಿನಿಂದ ಇನ್ನೂ ನೀರು ಇಳಿಯುತ್ತಿತ್ತು.

ನನ್ನದು ಅಂದೆನಲ್ಲ, ನನ್ನದಲ್ಲ. ಧಾರವಾಡದ ನಮ್ಮ ಕಾಲೇಜಿನ ಲೈಬ್ರರಿಯದು.

ಇಂಗ್ಲಿಷ್ ಎಂ.ಎ.ಯಲ್ಲಿ ದುರಂತ ನಾಟಕಗಳ ಪೇಪರಿಗೆ ಅದು ಬೇಕೇ ಬೇಕು. ಇದ್ದದ್ದು ಒಂದೇ ಪ್ರತಿ. ಆರು ಜನ ಹದಿನೈದು ದಿನಕ್ಕೊಬ್ಬರಂತೆ ಮನೆಗೆ ಒಯ್ದು ಓದುತ್ತಿದ್ದೆವು. ಆರರಲ್ಲಿ ಹುಡುಗಿ ನಾನೊಬ್ಬಳೇ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತಿದು. ನನಗೀಗ ತೊಂಬತ್ತೆಂಟು. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುತ್ತಿದ್ದಾಳೆ.

ಹೋದ ವಾರ ಇವಳೇ ಇದನ್ನು ಜೋಕ್ ಮಾಡಿ ಈ ಗ್ರೂಪಿನಲ್ಲಿ ಹಾಕಿದ್ದಳು. ನೀವೆಲ್ಲ ಬಿದ್ದು ಬಿದ್ದು ನಕ್ಕಿರಂತೆ... ನನಗೆ ಮೈಯೆಲ್ಲ ಉರಿಯಿತು. ಈಗ ಪೂರ್ತಿ ಕೇಳಿ.

ಅಜ್ಜಿ, ಅಂದರೆ ನಮ್ಮ ಅಪ್ಪನ ತಾಯಿ, ಕಟ್ಟಾ ಮಡಿಯ ಹೆಂಗಸು. ಅವತ್ತು ನಾನು ಬೆಳಕು ಚೆನ್ನಾಗಿದೆಯೆಂದು ದೇವರ ಕೋಣೆಯ ಕಿಟಕಿ ಪಕ್ಕ ಓದುತ್ತ ಕೂತವಳು, ಪುಸ್ತಕ ಅಲ್ಲೇ ಇಟ್ಟು ಊಟಕ್ಕೆ ಎದ್ದಿದ್ದೆ. ಹಳೆಯ ಕಾಲದ ಪುಸ್ತಕ, ತೊಗಲಿನ ರಟ್ಟು. ದೇವರ ಮುಂದೆ ತೊಗಲು!

ಅಜ್ಜಿಗೆ ಸಿಟ್ಟೇನೂ ಬಂದಿರಲಿಲ್ಲ. ಮೈಲಿಗೆಯಾದದ್ದನ್ನು ತೊಳೆದರೆ ಆಯಿತು, ಅಷ್ಟೇ ಆಕೆಗೆ ಗೊತ್ತು. ಒಂದಕ್ಷರ ಓದಲು ಬಾರದ ಜೀವ.

"ತೊಗಲಿನ ರಟ್ಟಿತ್ತವಾ, ತೊಳದ ಇಟ್ಟೇನಿ. ಒಣಗಿದ ಮ್ಯಾಲೆ ಒಳಗ ತೊಗೊಂಡು ಹೋಗು," ಅಂದಳು. ಮೊಮ್ಮಗಳಿಗೆ ಉಪಕಾರ ಮಾಡಿದೆ ಅನ್ನುವ ಸಮಾಧಾನ ಮುಖದಲ್ಲಿ.

ಎರಡು ದಿನ ಬಿಸಿಲಿಗಿಟ್ಟೆ. ಅಂಟಿಕೊಂಡ ಹಾಳೆಗಳನ್ನು ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ಪುಸ್ತಕ ಉಬ್ಬಿತ್ತು, ಆದರೆ ಒಂದಕ್ಷರವೂ ಅಳಿಸಿರಲಿಲ್ಲ. ಲೈಬ್ರರಿಗೆ ಒಯ್ದು ಕೊಟ್ಟು ನಡೆದದ್ದನ್ನು ನಡೆದಂತೆ ಹೇಳಿದೆ. ಸುಳ್ಳು ಹೇಳಬಹುದಿತ್ತು... ಹೇಳಲಿಲ್ಲ.

ಆ ಪೇಪರ್ ಕಲಿಸುವ, ಲೈಬ್ರರಿಯನ್ನೂ ನೋಡಿಕೊಳ್ಳುವ ಪ್ರೊಫೆಸರ್ ಸಾಹೇಬರು ಆ ಪುಸ್ತಕವನ್ನು ಕ್ಲಾಸಿಗೇ ತಂದರು. ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೆಣ್ಣುಮಕ್ಕಳ ಮನೆಗೆ ಸಾಹಿತ್ಯ ಹೋದರೆ ಅದಕ್ಕೂ ಜಳಕವಾಗುತ್ತದೆ ಅಂದರು. ಐದೂ ಹುಡುಗರು ನಕ್ಕರು. ನಗು ನಿಂತ ಮೇಲೆ, ಇನ್ನು ಮುಂದೆ ಹುಡುಗಿಯರಿಗೆ ಮನೆಗೆ ಪುಸ್ತಕ ಇಲ್ಲ, ರೀಡಿಂಗ್ ರೂಮಿನಲ್ಲೇ ಕೂತು ಓದಬೇಕು ಎಂದು ಹುಕುಂ ಮಾಡಿದರು.

ರೀಡಿಂಗ್ ರೂಮಿನಲ್ಲಿ ಹುಡುಗಿಯರು ಕೂಡುವ ಪದ್ಧತಿಯೇ ಆಗ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

ನನಗೆ ತಡೆಯಲಾಗಲಿಲ್ಲ. ಅದರ ಹಿಂದಿನ ವರ್ಷ ನಮ್ಮದೇ ಕ್ಲಾಸಿನ ಒಬ್ಬ ಮಹಾಶಯ, ಬೇರೆಯವರು ಓದಬಾರದೆಂದು, ಇನ್ನೊಂದು ಪುಸ್ತಕದ ಎರಡು ಅಧ್ಯಾಯಗಳನ್ನು ಬ್ಲೇಡಿನಿಂದ ಕತ್ತರಿಸಿಕೊಂಡಿದ್ದ. ಯಾರೆಂದು ಎಲ್ಲರಿಗೂ ಗೊತ್ತು. ಅವನಿಗೆ ಹುಕುಂ ಇಲ್ಲ, ಏನೂ ಇಲ್ಲ.

ಎದ್ದು ನಿಂತು ಹೇಳಿದೆ, "ಸರ್, ನಾ ತಂದ ಪುಸ್ತಕದಾಗ ಎಲ್ಲಾ ಹಾಳಿ ಅವ. ಹೋದ ವರ್ಷದ್ದರಾಗ ಎರಡು ಅಧ್ಯಾಯನ ಇಲ್ಲ. ಅವರಿಗ್ಯಾಕ ಇನ್ನೂ ಮನಿಗೆ ಪುಸ್ತಕ ಕೊಡ್ತೀರಿ?"

ಪ್ರೊಫೆಸರ್ ನನ್ನ ಕಡೆ ನೋಡದೆ ಪಾಠ ಶುರು ಮಾಡಿದರು.

ಮನೆಗೆ ಬಂದು ಆ ಸಿಟ್ಟನ್ನೆಲ್ಲ ಅಜ್ಜಿಯ ಮೇಲೆ ಕಾರಿದೆ. ನಿನ್ನ ಮಡಿಗೆ ಬೆಂಕಿ ಬೀಳಲಿ, ಇನ್ನು ಕಾಲೇಜಿನಲ್ಲೇ ಗಂಡಸರ ನಡುವೆ ಒಬ್ಬಳೇ ಕೂತು ಓದಬೇಕಂತೆ, ನನ್ನ ಓದು ಮುಗಿಯಿತು ಅಂದೆ. ಆಕೆ ಅವತ್ತು ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಕೆಂಪು ಸೀರೆ, ತಲೆಯ ಮೇಲೆ ಸೆರಗು. ನಿನ್ನ ಜೊತೆ ಬಂದು ಕೂಡುತ್ತೇನೆ, ನಡಿ ಅನ್ನುತ್ತಾಳೆ. ಅಪ್ಪ ಗಾಬರಿಯಾದ. ಕಾಲೇಜಿಗೆ ಹೋದರೆ ಮಡಿಯ ಗತಿಯೇನು ಎಂದು ಕೇಳಿದ.

"ತೊಯಿಸಿದಾಕಿ ನಾ," ಅಂದಳು ಅಜ್ಜಿ. "ಬಂದು ಮತ್ತ ಜಳಕಾ ಮಾಡಿದರಾತು."

ನಾವು ರೀಡಿಂಗ್ ರೂಮಿಗೆ ಕಾಲಿಟ್ಟ ಕೂಡಲೇ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಹೊರಗಿನವರಿಗೆ ಪ್ರವೇಶವಿಲ್ಲ ಅಂದ ಲೈಬ್ರರಿಯನ್‌. ಅಜ್ಜಿ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಜಪಮಣಿ ತೆಗೆದಳು.

ನಾಲ್ಕು ತಿಂಗಳು. ಹನ್ನೊಂದರಿಂದ ಐದರವರೆಗೆ. ಹೊರಗೆ ನೀರು ಮುಟ್ಟುವವಳಲ್ಲ, ಬೇಸಿಗೆಯಲ್ಲೂ ಮನೆಗೆ ಬಂದು ಜಳಕ ಮಾಡಿದ ಮೇಲೇ ಒಂದು ಗುಟುಕು. ಎಪ್ಪತ್ತು ದಾಟಿದ ಮುದುಕಿ ಆರು ತಾಸು ಬಾಯಿ ಒಣಗಿಸಿಕೊಂಡು ಕೂತದ್ದು ಒಂದು ಪುಸ್ತಕವನ್ನು ನನ್ನ ಕೈಗೆ ಕೊಡಲು ಒಬ್ಬ ಗಂಡಸಿಗೆ ಮನಸ್ಸಿರಲಿಲ್ಲ ಅಂತ. ಇದರಲ್ಲಿ ನಗುವುದು ಏನಿದೆ ಹೇಳಿ?

ಪಾಸಾದೆ. ಸೆಕೆಂಡ್ ಕ್ಲಾಸ್. ಎಲ್ಲರೂ ಹೊಗಳಿದರು. ಹುಕುಂ ಮಾತ್ರ ಹಾಗೇ ಉಳಿಯಿತು.

ಮರುವರ್ಷ ಗರಗದ ನೇಕಾರರ ಮನೆಯ ಹುಡುಗಿಯೊಬ್ಬಳು ಎಂ.ಎ.ಗೆ ಸೇರಿದಳು. ಬಿ.ಎ.ಯಲ್ಲಿ ನನಗಿಂತ ಹೆಚ್ಚು ಮಾರ್ಕ್ಸ್ ತೆಗೆದವಳು. ಧಾರವಾಡದಲ್ಲಿ ಯಾರದೋ ಮನೆಯಲ್ಲಿ ಇದ್ದಳು, ಜೊತೆಗೆ ಬರುವವರು ಯಾರೂ ಇಲ್ಲ.

ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. "ಅಕ್ಕಾರ, ಅಷ್ಟು ಗಂಡಸರ ನಡುವ ಒಬ್ಬಾಕಿನ ಹೆಂಗ ಕೂಡ್ಲಿರಿ?" ಎಂದು ಕೇಳಿದಳು.

ನನ್ನ ನೋಟ್ಸ್ ಎಲ್ಲ ಕೊಟ್ಟೆ. ಧೈರ್ಯ ಹೇಳಿದೆ. ನನ್ನ ಮದುವೆಗೆ ಇನ್ನೂ ಐದು ತಿಂಗಳಿತ್ತು, ಮನೆಯಲ್ಲಿ ಖಾಲಿಯೇ ಇದ್ದೆ. ದೀಪಾವಳಿಯ ಹೊತ್ತಿಗೆ ಅವಳು ಕಾಲೇಜಿನಿಂದ ಹೆಸರು ತೆಗೆಸಿ ಊರಿಗೆ ಹೋದಳು ಎಂದು ಕೇಳಿದೆ.

ಪ್ರೊಫೆಸರರ ಮೇಲೆ ಸಿಟ್ಟು ಇವತ್ತಿಗೂ ಇದೆ. ಆದರೆ ಖರೇ ಹೇಳಬೇಕೆಂದರೆ ಅದಕ್ಕಿಂತ ದೊಡ್ಡ ಸಿಟ್ಟು ಇರುವುದು ನನ್ನ ಮೇಲೆ...

ಒಂದಕ್ಷರ ಬಾರದ ಅಜ್ಜಿಗೆ ಹೋಗಿ ಪಕ್ಕದಲ್ಲಿ ಕೂಡಬೇಕೆಂದು ಹೊಳೆಯಿತು, ಎಂ.ಎ. ಮಾಡಿದ ನನಗೆ ಯಾಕೆ ಹೊಳೆಯಲಿಲ್ಲ?