ಹರ್ಷಿತಾಳ ಎರಡನೆಯ ಬಾಣಂತನ

ಹರ್ಷಿತಾ ಎಲ್ಕ್ ಗ್ರೋವ್ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಿಗೊಂದು ವಾರಾಂತ್ಯ ಅಮೆರಿಕದ ಮೀಸಲು ಸೇನೆಯ ಸಮವಸ್ತ್ರ ತೊಡುವವಳು. ಅವಳ ಮನೆಯಿದ್ದ ಲೊಂಬಾರ್ಡ್ ಊರಿನ ಕನ್ನಡದವರಿಗೆ ಇದು ಅರಗಿರಲಿಲ್ಲ.

"ಸಿಟಿಜನ್‌ಶಿಪ್ ಬೇಗ ಸಿಗತ್ತೆ ಅಂತ ಬಂದೂಕು ಹಿಡಿದ್ಯಲ್ಲೇ!" ಎಂದು ಪದ್ಮ ಆಂಟಿ ಕೋಸಂಬರಿ ಬಡಿಸುತ್ತಲೇ ಚುಚ್ಚಿದ್ದರು.

"ಬಂದೂಕಲ್ಲ ಆಂಟಿ, ಬ್ಯಾಂಡೇಜು. ಅನ್ನ ಹಾಕಿರೋ ದೇಶ ಅಲ್ವಾ?"

ಆ ಮಾತನ್ನು ಮನಸಾರೆ ನಂಬಿದ್ದಳು. ಪುಟ್ಟ ಮಗಳು ಆಶ್ರಿತಾಳನ್ನು ಗಂಡ ಶ್ಯಾಮನಿಗೆ ಒಪ್ಪಿಸಿ, ಕಡಲಾಚೆಯ ಯುದ್ಧಕ್ಕೆ ಹೋಗಿ, ಕಾಲು ಕಳೆದುಕೊಂಡ ಹುಡುಗರ ಗಾಯ ತೊಳೆದು ಬಂದಿದ್ದಳು.

ಆಶ್ರಿತಾ ಹುಟ್ಟಿದಾಗಿನ ಬಾಣಂತನ ಮೈಸೂರಿನಲ್ಲೇ ಆಗಿತ್ತು. ವರ್ಷಗಳ ಮೇಲೆ ಈಗ ಮತ್ತೆ ಬಸುರಿ; ಈ ಸಲ ತಾಯಿ ದೇವಮ್ಮನೇ ಮೈಸೂರಿನಿಂದ ಬರಬೇಕು. ಬಾಣಂತಿ ಲೇಹ್ಯ ಕುದಿಸಿ ಡಬ್ಬಿಗೆ ತುಂಬಿಟ್ಟಿದ್ದವರು, ವೀಸಾ ಸಂದರ್ಶನದಿಂದ ಹೊರಬಂದು ಫೋನು ಮಾಡಿದರು.

"ಕೊಡಲ್ಲ ಅಂದ್ಬಿಟ್ರು ಕಣೆ. ವಾಪಸ್ ಬರ್ತೀರ ಅಂತ ಏನು ಗ್ಯಾರಂಟಿ ಅಂದ ಕೌಂಟರಲ್ಲಿದ್ದ ಹುಡುಗ. ನೀನು ಮಿಲಿಟರೀಲಿರೋ ಫೋಟೋ ತೋರಿಸ್ದೆ, ಆ ಹುಡುಗ ತಲೇನೇ ಎತ್ತಲಿಲ್ಲ. ಹೋಗ್ಲಿ ಬಿಡು, ಲೇಹ್ಯ ಕೆಡಲ್ಲ."

ಗಂಡು ಮಗು ಹುಟ್ಟಿತು. ಶ್ಯಾಮನ ರಜೆ ಮುಗಿಯಿತು. ಹರ್ಷಿತಾ ಬಚ್ಚಲಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬಕೆಟ್ಟಿಗೆ ಒರಗಿಸಿದ ಫೋನಿನಲ್ಲಿ ತಾಯಿಯನ್ನು ಕೇಳಿ ಕೇಳಿ ಎಣ್ಣೆನೀರು ಹಾಕುವಳು.

"ಮೊಣಕೈ ಅದ್ದಿ ನೋಡೇ ಬಿಸೀನ. ಅದಿರ್ಲಿ, ನಿಂಗೆ ನೀರು ಹಾಕೋರು ಯಾರೇ?"

ಅವಳು ಮೊಣಕೈ ಅದ್ದಿ ನೋಡಿ, ಮಗುವಿನ ಬೆನ್ನಿಗೆ ನೀರು ಹುಯ್ದಳು.

ಒಂದು ಸಂಜೆ ಆಶ್ರಿತಾ ಇತಿಹಾಸದ ಪಾಠ ಹಿಡಿದು ಬಂದಳು. ಅಮೆರಿಕ ಸ್ವತಂತ್ರವಾಗುವ ಮೊದಲು ಇಲ್ಲಿ ಬಂದು ನೆಲೆಸಿದ್ದ ಇಂಗ್ಲಿಷರು ಇಂಗ್ಲೆಂಡಿನ ರಾಜನ ಪರವಾಗಿ ಫ್ರೆಂಚರ ಮೇಲೆ ಕಾದಾಡಿದರು. ಗೆದ್ದ ಮೇಲೆ ರಾಜ, ಬೆಟ್ಟ ದಾಟಿ ಆಚೆ ನೆಲೆಸಬೇಡಿ ಎಂದ. ಯುದ್ಧದ ಖರ್ಚಿಗೆ ಅವರ ಮೇಲೇ ತೆರಿಗೆ ಹೇರಿದ.

"ಬಟ್ ಅಮ್ಮಾ, ದೇ ವರ್ ಹಿಸ್ ಪೀಪಲ್!"

"ಅವರೂ ಹಾಗೇ ಅನ್ಕೊಂಡಿದ್ರು ಪುಟ್ಟಿ."

ಆ ವಾರವೇ ಸೇನೆಯಿಂದ ಕರೆ ಬಂತು. ಅವಳ ಕರಾರು ಮುಗಿಯುತ್ತಿದೆ. ಹೊಸ ಯುದ್ಧ ಶುರುವಾಗಿದೆ, ನರ್ಸುಗಳು ಸಾಲದು, ಮತ್ತೆ ಸೇರುವಿರಾ? ಹಿಂದೆಲ್ಲ ಪ್ರಶ್ನೆ ಮುಗಿಯುವ ಮೊದಲೇ ಒಪ್ಪುತ್ತಿದ್ದವಳು ಈ ಸಲ ಇಲ್ಲವೆಂದಳು.

ಶ್ಯಾಮ ಪೆಚ್ಚಾದ. "ಯೋಚನೆ ಮಾಡಬಾರದಿತ್ತಾ? ನಿಮ್ಮಮ್ಮನ ವೀಸಾಕ್ಕೆ ಮತ್ತೆ ಅಪ್ಲೈ ಮಾಡೋವಾಗ ಮಿಲಿಟರಿ ಅಂತ ಹೇಳ್ಕೊಳ್ಳೋಕೂ ಆಗಲ್ಲ."

"ಹೇಳ್ಕೊಂಡಾಗ ಬಿಟ್ರಾ?"

ಹಾಗೆಂದಳೇ ಹೊರತು ಎದೆ ಹಗುರಾಗಲಿಲ್ಲ. ಆ ಹುಡುಗರ ಗಾಯ ಇನ್ನು ಯಾರು ತೊಳೆಯುತ್ತಾರೋ. ಮಗುವಿಗೆ ಹಾಲೂಡಿಸುತ್ತ ಟೀವಿಯ ಮುಂದೆ ಕೂತಳು. ಯುದ್ಧದ ಸುದ್ದಿ ಓಡುತ್ತಿತ್ತು. ಯಾರು ಗೆಲ್ಲಲಿ ಎಂದು ಬೇಡಿಕೊಳ್ಳಬೇಕೋ, ಮೊದಲ ಬಾರಿಗೆ ಅವಳಿಗೆ ತಿಳಿಯಲಿಲ್ಲ.