ಮಗನ ಹೆಸರಿದ್ದ ಜಾಗ

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ ಅವರನ್ನು ಬೀದಿಯವರೆಲ್ಲ ತಂತಿ ಮಾವ ಎನ್ನುತ್ತಿದ್ದರು. ಸೊಸೆಗೆ ಮಾತ್ರ ಅವರು ಬರೀ ಮಾವ. ಹೆಂಡತಿ ಎಂದೋ ತೀರಿಹೋಗಿದ್ದಳು. ಇದ್ದೊಬ್ಬ ಮಗನೂ ಬೈಕಿನಿಂದ ಬಿದ್ದು ತೀರಿಕೊಂಡಾಗ ತವರಿನವರು ಸೊಸೆಯನ್ನು ಕರೆದೊಯ್ಯಲು ಬಂದರು.

"ಮಾವನಿಗೆ ಬೇಯಿಸಿ ಹಾಕೋರು ಯಾರು?" ಎಂದಳು ಅವಳು.

"ನಂಗೆ ಅಡುಗೆ ಬರುತ್ತಮ್ಮ, ಬರದೇ ಇರೋದು ನಿಂಗೆ," ಎಂದು ಮಾವ ನಗಿಸಲು ನೋಡಿ, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅವಳು ಹೋಗಲಿಲ್ಲ.

ಆಮೇಲೊಂದು ದಿನ ಪಕ್ಕದ ಮನೆಯ ಬಡಗಿ ಸತ್ತ. ಅವನ ಖಾತೆಗೆ ನಾಮಿನಿ ಇರಲಿಲ್ಲ. ಗಂಡನ ಉಳಿತಾಯ ಕೈಗೆ ಬರಲೆಂದು ಅವನ ಹೆಂಡತಿ ಕೋರ್ಟಿಗೆ ಅಲೆದೂ ಅಲೆದೂ ಸೋತಳು. ಅದನ್ನು ಕಂಡ ಮಾವ ಸೊಸೆಯನ್ನು ಕರೆದುಕೊಂಡು ತಮ್ಮ ಉಳಿತಾಯವಿದ್ದ ಸಹಕಾರ ಸಂಘಕ್ಕೆ ಹೋದರು.

"ಈಗಿರೋ ನಾಮಿನಿ ನಿಮ್ಮ ಮಗ," ಎಂದಳು ಕೌಂಟರಿನಾಕೆ. "ಅದನ್ನ ತೆಗೆದು ಇವರ ಹೆಸರು ಹಾಕೋಣ. ಮುಂದೆ ಮರಣಪತ್ರ ತೋರಿಸಿದ್ರೆ ಇವರಿಗೇ ಹಣ ಸಿಗುತ್ತೆ. ಕೋರ್ಟು ಗೀರ್ಟು ಏನೂ ಬೇಡ."

"ಅವನದೂ ಇರಲಿ ತಾಯಿ. ಪಕ್ಕದಲ್ಲಿ ಇವಳದು ಬರಿ."

"ತೀರಿಕೊಂಡವರ ಹೆಸರೂ ಇದ್ರೆ, ಆ ಪಾಲಿಗೆ ಇವರೇ ಅಲೀಬೇಕಾಗುತ್ತೆ ಯಜಮಾನ್ರೇ."

ಮಾವ ಪೆನ್ನು ಕೆಳಗಿಟ್ಟರು. ಸೊಸೆ ಅರ್ಜಿಯನ್ನು ಪಕ್ಕಕ್ಕೆ ಸರಿಸಿದಳು. "ಇವತ್ತು ಬೇಡ ಮಾವ, ಇನ್ನೊಂದಿನ ಬರೋಣ."

"ಇಲ್ಲಮ್ಮ. ಅವನಿದ್ದಿದ್ರೆ, ಇಷ್ಟು ದಿನ ಯಾಕೆ ಬಿಟ್ಟೆ ಅಂತ ನಂಗೇ ಬೈತಿದ್ದ." ಸಹಿ ಹಾಕಿದರು.

ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತರು. "ನೀನು ಇನ್ನೊಂದು ಮದುವೆ ಆದ್ರೂ ದುಡ್ಡು ನಿಂದೇ. ನನ್ನ ಮುಖ ನೋಡ್ಕೊಂಡು ಕೂರಬೇಡ," ಎಂದರು. ಅವಳು ಕೈ ಚಾಚಿದಳು. ಮಾವ ಅದನ್ನು ಹಿಡಿದು ಎದ್ದರು.

ಆ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದ ಮಾವ ಮನೆಗೆ ಮರಳಲಿಲ್ಲ. ಪಾಲು ಕೇಳಲು ಬಂದ ಅವರ ತಮ್ಮ, ವಕೀಲರನ್ನು ವಿಚಾರಿಸಿ, "ಅಣ್ಣ ಎಲ್ಲಾ ಸರಿಮಾಡೇ ಹೋಗಿದ್ದಾನೆ," ಎಂದು ತಣ್ಣಗಾದ. ಸೊಸೆ ಯಾರ ಬಾಗಿಲಿಗೂ ಅಲೆಯಬೇಕಾಗಲಿಲ್ಲ. ಸಂಘದವರು ಅವಳ ಹೆಸರಿಗೇ ಖಾತೆ ತೆರೆದು ಹಣ ಹಾಕಿದರು.

"ಅಕ್ಕಾ, ನಿಮಗೆ ನಾಮಿನಿ ಯಾರನ್ನ ಬರೀಲಿ?" ಎಂದು ಕೌಂಟರಿನಾಕೆ ಮೆಲ್ಲಗೆ ಕೇಳಿದಳು.

ತವರಿನಲ್ಲಿ ಅಣ್ಣನಿದ್ದ, ಅತ್ತಿಗೆಯಿದ್ದಳು. ಆದರೆ ಅವಳ ನಾಲಿಗೆ ತುದಿಗೆ ಬಂದದ್ದು ಮಾವನ ಹೆಸರು. ಹೇಳಲೂ ಆಗದೆ, ನುಂಗಲೂ ಆಗದೆ, ಕೌಂಟರಿನ ಅಂಚು ಹಿಡಿದು ಅಷ್ಟು ಜನರ ನಡುವೆಯೇ ಬಿಕ್ಕಿಬಿಕ್ಕಿ ಅತ್ತಳು.