ಅರ್ಧ ಗಡ್ಡ

ಬೀದಿಯವರೆಲ್ಲ ಆ ಕ್ಷೌರಿಕನನ್ನು ಹೌದಪ್ಪ ಎಂದೇ ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂತವರು ಸರ್ಕಾರವನ್ನು ಬೈದರೂ ಹೌದು, ಹೊಗಳಿದರೂ ಹೌದು. ಗಿರಾಕಿಯ ಕುತ್ತಿಗೆ ಮೇಲೆ ಕತ್ತಿ ಇಟ್ಟುಕೊಂಡು ವಾದಕ್ಕಿಳಿಯುವುದು ಯಾವ ಸೀಮೆ ವ್ಯಾಪಾರ? "ಮನೇಲೂ ಒಂದಿನ ಹೌದು ಅನ್ನಿ ನೋಡೋಣ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಮೂಲೆಮನೆಯ ಹುಡುಗನಿಗೆ ಮೊದಲ ಸಲ ಮೀಸೆ ಬೋಳಿಸಿದವನೂ ಇವನೇ. ಹುಡುಗ ದೊಡ್ಡವನಾಗಿ, ತಾನು ಹಾಡಿದ ವಿಡಿಯೋ ಹಾಕಿದಾಗ ಯಾರ್ಯಾರೋ ಆಡಿಕೊಂಡು ನಕ್ಕಿದ್ದರು. ಆಮೇಲೆ ಮೊಬೈಲಿನಲ್ಲಿ ಯಾವುದೋ ಗುಂಪು ಸೇರಿದ; ಅಲ್ಲಿದ್ದವರಿಗೆಲ್ಲ ಊರಿನ ಮೇಲೇ ಹಗೆ. ಬಂದಾಗಲೆಲ್ಲ ಅದೇ ಪುರಾಣ ಬಿಚ್ಚುತ್ತಿದ್ದ. ಹೌದಪ್ಪ ಹೌದು ಹೌದು ಎನ್ನುತ್ತಿದ್ದ.

ಆ ಬೆಳಿಗ್ಗೆ ಹುಡುಗ ಭಾರದ ಚೀಲವೊಂದನ್ನು ಕಾಲ ಬಳಿ ಇಟ್ಟು ಕುಳಿತ. "ನೀಟಾಗಿ ಮಾಡಿ ಅಣ್ಣಾ. ಇವತ್ತು ಎಲ್ರೂ ನನ್ನ ಮುಖ ನೋಡ್ತಾರೆ."

ಒಂದು ಕೆನ್ನೆ ಮುಗಿದಾಗ ಮೊಬೈಲ್ ತೋರಿಸಿದ. ಹೋದ ತಿಂಗಳು ರೈಲು ನಿಲ್ದಾಣದಲ್ಲಿ ಸಿಕ್ಕಸಿಕ್ಕವರನ್ನು ಇರಿದು ಕೊಂದವನ ಫೋಟೋ. "ಗಂಡಸು ಅಂದ್ರೆ ಇವನು. ಅಲ್ವಾ?"

ಹೌದಪ್ಪ ಕತ್ತಿಯ ನೊರೆಯನ್ನು ಬಟ್ಟೆಗೆ ಒರೆಸಿದ.

"ಅತ್ತಿಗೆಗೆ ಇವತ್ತು ಮಾರ್ಕೆಟ್ ಕಡೆ ಹೋಗ್ಬೇಡಿ ಅಂತ ಹೇಳಿ. ನನ್ನ ಮಾತು ಕೇಳಿದೋರು ನೀವೊಬ್ರೇ."

ಹೌದಪ್ಪ ಬಗ್ಗಿ ನೋಡಿದ. ಚೀಲದ ಬಾಯಲ್ಲಿ ಚೂರಿಗಳ ಹಿಡಿಗಳು ಕಂಡವು. ಕೂಗಿದರೆ ಇಲ್ಲೇ ಶುರುವಾಗುತ್ತದೆ, ಸುಮ್ಮನೆ ಕಳಿಸಿದರೆ ಮಾರ್ಕೆಟ್ಟಿನಲ್ಲಿ. ಆದರೆ ಅರ್ಧ ಗಡ್ಡ ಇಟ್ಟುಕೊಂಡು ಯಾರೂ ಬೀದಿಗಿಳಿಯುವುದಿಲ್ಲ, ಊರೆಲ್ಲ ತನ್ನ ಮುಖ ನೋಡಲಿ ಎಂದು ಹೊರಟವನಂತೂ ಇಲ್ಲವೇ ಇಲ್ಲ.

"ಬ್ಲೇಡು ಮೊಂಡಾಗಿದೆ ಕಣೋ, ಹೊಸದು ತರ್ತೀನಿ" ಎಂದು ಉಳಿದ ಕೆನ್ನೆಗೆ ಇನ್ನಷ್ಟು ನೊರೆ ಬಳಿದು ಹೊರಬಿದ್ದ. ಪಕ್ಕದ ಅಂಗಡಿಯ ಮರೆಯಲ್ಲಿ ನಿಂತು, ತೊದಲುತ್ತಾ ಪೊಲೀಸರಿಗೆ ಫೋನ್ ಮಾಡಿದ. ಹಾಗೇ ಓಡಿಹೋಗೋಣ ಅನ್ನಿಸಿತು. ಹೋದರೆ ಅವನು ಎದ್ದುಬಿಡುತ್ತಾನೆ. ಬ್ಲೇಡು ಕೊಂಡು ಒಳಗೆ ಬಂದ.

ಜನ್ಮದಲ್ಲಿ ಯಾರಿಗೂ ಅಷ್ಟು ನಿಧಾನವಾಗಿ ಕ್ಷೌರ ಮಾಡಿರಲಿಲ್ಲ. ಬ್ಲೇಡು ಜಾರಿ ಗಲ್ಲದ ಮೇಲೆ ರಕ್ತದ ಗೆರೆ ಮೂಡಿತು. ಹುಡುಗ ಕನ್ನಡಿಯಲ್ಲಿ ಅವನನ್ನೇ ದಿಟ್ಟಿಸಿದ.

"ಹೆದರ್ಕೊಂಡ್ರಾ ಅಣ್ಣಾ?"

"ಹೂಂ ಕಣೋ. ತುಂಬಾ."

ಹುಡುಗ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ನುಗ್ಗಿದರು. ಮೈಮೇಲೆ ಹೊದಿಸಿದ್ದ ಬಟ್ಟೆಯಿಂದ ಕೈ ಬಿಡಿಸಿಕೊಳ್ಳುವ ಮೊದಲೇ ಹಿಡಿದುಕೊಂಡರು. ಬಾಗಿಲಲ್ಲಿ ಅವನು ತಿರುಗಿ ನಿಂತ, ಮುಖದಲ್ಲಿ ಇನ್ನೂ ನೊರೆ.

"ಇಷ್ಟು ದಿನ ನೀವೂ ಒಳಗೊಳಗೇ ನಗ್ತಿದ್ರಾ?"

"ಇಲ್ಲಪ್ಪಾ" ಎಂದ ಕ್ಷೌರಿಕ. "ನೀನು ಹೇಳಿದ್ದನ್ನ ನಾನು ಒಂದಿನವೂ ಕೇಳಿಸ್ಕೊಂಡೇ ಇರ್ಲಿಲ್ಲ."